ಒಳಗೆ ಬಂದವಳು

ಮಿಲ್ಪಿಟಾಸ್
14 ಜನವರಿ 2024

ಪ್ರೀತಿಯ ಶೈಲಜಾ ಮೇಡಂ,

ಹದಿನಾಲ್ಕು ವರ್ಷಗಳ ಮೇಲೆ ನಿಮಗೆ ಬರೆಯುತ್ತಿದ್ದೇನೆ. ಧಾರವಾಡದಲ್ಲಿ ಎಂ.ಎ. ಓದುವಾಗ ನೀವು ವಿಕ್ಟೋರಿಯಾ ರಾಣಿಯ ಕಾಲದ ಅಗ್ಗದ ಧಾರಾವಾಹಿಗಳ ಬಗ್ಗೆ, ಅದರಲ್ಲೂ ಅವುಗಳ ಖಳರ ಬಗ್ಗೆ ಪಾಠ ಮಾಡುತ್ತಿದ್ದಿರಿ. ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು, ನೋಟ್ಸು ಬರೆಯುವುದನ್ನೂ ಮರೆತು ಕೇಳುತ್ತಿದ್ದ ಮೈಥಿಲಿ ನಾನು. ನೀವು ನಿವೃತ್ತರಾದಿರೆಂದೂ, ಕಣ್ಣಿನ ತೊಂದರೆಯಿಂದ ಫೋನು ಕಂಪ್ಯೂಟರು ನೋಡುವುದನ್ನು ಬಿಟ್ಟಿರೆಂದೂ, ಕಾಗದವಾದರೆ ಭೂತಗನ್ನಡಿ ಹಿಡಿದು ಓದುತ್ತೀರೆಂದೂ ಕಾಲೇಜಿನವರು ಹೇಳಿದರು. ಅದಕ್ಕೇ ಅಂಚೆಯಲ್ಲಿ ಬರೆಯುತ್ತಿದ್ದೇನೆ.

ಇಲ್ಲಿನ ನಮ್ಮ ಕನ್ನಡ ಬಳಗ ‘ಜಗಲಿ’ ಎಂಬ ಮಾಸಪತ್ರಿಕೆ ತರುತ್ತದೆ. ಅದಕ್ಕೆ ಎಂಟು ಕಂತಿನ ಧಾರಾವಾಹಿ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದಾರೆ. ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ, ಈಗ ಪುಕುಪುಕು ಶುರುವಾಗಿದೆ. ಪ್ರತಿ ತಿಂಗಳ ಎರಡನೇ ಶನಿವಾರ ಲೈಬ್ರರಿಯ ಹಾಲಿನಲ್ಲಿ ಬಳಗದ ಹಿರಿಯರು ಸೇರುತ್ತಾರೆ. ವಿಜಯಪುರ ಕಡೆಯ ಸಂಗನಬಸಪ್ಪ ಎಂಬುವರು ಪತ್ರಿಕೆಯನ್ನು ಗಟ್ಟಿಯಾಗಿ, ನಾಟಕ ಆಡಿದ ಹಾಗೆ ಓದುತ್ತಾರೆ. ಕನ್ನಡಕ ಮರೆತು ಬಂದವರು, ಓದು ಬಾರದವರು, ಎಲ್ಲರೂ ಕೇಳುತ್ತಾರೆ. ಸಪ್ಪೆಯಾಗಿದ್ದರೆ ಎದುರಿಗೇ ಆಕಳಿಸುತ್ತಾರಂತೆ.

ನೀವು ಕಲಿಸಿದ ಮಾದರಿಯಲ್ಲೇ ಬರೆಯಬೇಕೆಂದಿದ್ದೇನೆ. ಲಿವರ್‌ಮೋರ್‌ನ ದ್ರಾಕ್ಷಿ ತೋಟಗಳ ಮೇಲಿನ ಗುಡ್ಡದಲ್ಲಿ ಒಂದು ದೊಡ್ಡ ಮನೆ. ಡಾಕ್ಟರು ಗಂಡ, ಹಸಿ ಬಾಣಂತಿ ಹೆಂಡತಿ. ಬಾಣಂತನ ಮಾಡಲು ಸಣ್ಣತಾಯಮ್ಮ ಎಂಬ ಹೆಂಗಸು ಬರುತ್ತಾಳೆ. ಅವಳೇ ಖಳನಾಯಕಿ. ಹೆಸರು ‘ಒಳಗೆ ಬಂದವಳು’. ಅವಳನ್ನು ಹೇಗೆ ಕಟ್ಟಲಿ, ಹೇಳಿಕೊಡಿ.

ನನ್ನ ಗಂಡ ವ್ಯಾಸರಾಜ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಲ್ಯಾಬಿನಲ್ಲಿದ್ದಾರೆ. ಮಗಳು ಶರಣ್ಯಾಳಿಗೆ ಮಾರ್ಚಿಗೆ ಮೂರು ತುಂಬುತ್ತದೆ. ಅವಳು ಹುಟ್ಟಿದ್ದು ಕೊರೋನಾ ಹೊತ್ತಿನಲ್ಲಿ, ಊರಿನಿಂದ ಅಮ್ಮ, ಅತ್ತೆ ಯಾರೂ ಬರುವ ಹಾಗಿರಲಿಲ್ಲ. ಆ ಕಥೆ ಈಗ ಬೇಡ ಬಿಡಿ.

ನಿಮ್ಮ ವಿದ್ಯಾರ್ಥಿನಿ,
ಮೈಥಿಲಿ

*

ಧಾರವಾಡ
2 ಫೆಬ್ರವರಿ 2024

ಮೈಥಿಲಿ,

ಹದಿನಾಲ್ಕು ವರ್ಷ ಬದುಕಿದ್ದೀಯೋ ಇಲ್ಲವೋ ಎಂದು ತಿಳಿಸದವಳಿಗೆ ಖಳನಾಯಕಿ ಬೇಕಾದಾಗ ನನ್ನ ನೆನಪಾಯಿತು. ಇರಲಿ, ಯಾವುದಕ್ಕಾದರೂ ನೆನಪಾಯಿತಲ್ಲ. ಸುಳ್ಳೇಕೆ, ನಿನ್ನ ಕಾಗದ ಬಂದ ದಿನ ಎರಡು ಲೋಟ ಚಹ ಜಾಸ್ತಿ ಕುಡಿದೆ.

ಆ ಹಳೆಯ ಕಾದಂಬರಿಗಳ ಖಳರ ಪಟ್ಟಿ ಮಾಡುತ್ತಾ ನನ್ನ ತಲೆ ನರೆಯಿತು, ನಿನಗೆ ಗೊತ್ತು. ಪರದೇಶದಿಂದ ಬಂದ ನಯವಾದ ಅತಿಥಿ. ಔಷಧ ಕೊಡುವ ವೈದ್ಯ. ಮಕ್ಕಳಿಗೆ ಪಾಠ ಹೇಳಲು ಬಂದ ಬಡ ಹೆಣ್ಣು. ಯಜಮಾನಿಯ ತಲೆ ಬಾಚುವ ಆಳು. ಇವರಲ್ಲಿ ಒಬ್ಬರೂ ಗೋಡೆ ಹಾರಿ ಬಂದವರಲ್ಲ. ಮನೆಯವರೇ ಕರೆದು ಒಳಗೆ ಬಿಟ್ಟುಕೊಂಡವರು. ಆ ಕಾಲದ ಮಧ್ಯಮ ವರ್ಗ ಮೊದಲ ಸಲ ಇಷ್ಟೊಂದು ಆಳುಕಾಳು ಇಟ್ಟುಕೊಂಡಿತು. ಇಟ್ಟುಕೊಂಡ ಮೇಲೆ ಅವರ ಕಣ್ಣಿಗೆ ಹೆದರಲು ಶುರು ಮಾಡಿತು. ತಮ್ಮ ಗುಟ್ಟು ತಿಳಿದವರನ್ನು ಕಥೆಯಲ್ಲಿ ಕೊಲೆಗಡುಕರನ್ನಾಗಿ ಮಾಡಿ, ಕೊನೆಯ ಕಂತಿನಲ್ಲಿ ನೀರಿಗೆ ನೂಕಿ, ನೆಮ್ಮದಿಯಾಗಿ ಊಟ ಮಾಡಿತು. ಅಡುಗೆಯವಳೂ ಬಾಗಿಲ ಹಿಂದೆ ನಿಂತು ಆ ಕಥೆ ಕೇಳುತ್ತಿದ್ದಳು ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ನಿನಗೆ ಬೇಕಾದ ಉಪದೇಶ: ಖಳನನ್ನು ಪುಸ್ತಕದಿಂದ ತರಬೇಡ. ಕಂಡು ಬಲ್ಲ ಒಬ್ಬರಿಂದ ತಾ. ನಡಿಗೆ, ಸೆರಗು ಸಿಕ್ಕಿಸುವ ರೀತಿ, ಮೈಯ ವಾಸನೆ. ಬೀದಿಯಲ್ಲಿ ಕಂಡರೆ ಓದುಗರು ಗುರುತು ಹಿಡಿಯಬೇಕು. ಸಂಕೋಚ ಪಟ್ಟುಕೊಂಡು ಬರೆದರೆ ಜನ ಆಕಳಿಸುತ್ತಾರೆ.

ಸಣ್ಣತಾಯಮ್ಮನ ಹಿಂದೆ ಅಡಗಿರುವುದು ನಿನ್ನ ಅತ್ತೆಯೋ? ಹಾಗಿದ್ದರೆ ಧೈರ್ಯವಾಗಿ ಬರೆ, ನಾನು ಯಾರಿಗೂ ಹೇಳುವುದಿಲ್ಲ.

ಶೈಲಜಾ

*

ಮಿಲ್ಪಿಟಾಸ್
10 ಮಾರ್ಚ್ 2024

ಪ್ರೀತಿಯ ಮೇಡಂ,

ಅತ್ತೆ ಪಾಪದವರು, ಅವರನ್ನು ಬಿಟ್ಟುಬಿಡಿ! ಎರಡು ಕಂತು ಕಳಿಸುತ್ತಿದ್ದೇನೆ. ನಿಮ್ಮ ಮಾತು ನಿಜವಾಯಿತು. ನಿನ್ನೆ ಹಾಲಿನಲ್ಲಿ ಒಬ್ಬರೂ ಆಕಳಿಸಲಿಲ್ಲ. ಸಂಗನಬಸಪ್ಪನವರು ಓದಿ ಮುಗಿಸಿ ಕನ್ನಡಕ ತೆಗೆದು, “ಬಾಯಾರೆ, ಭಾಳ ಛಲೋ ಬರದೀರಿ. ಆ ಮುದುಕೀ ಮ್ಯಾಲ ನನಗ ಈಗಿಂದನ ಸಿಟ್ಟ ಬಂದದ” ಎಂದರು. ಇನ್ನೊಂದು ತಿಂಗಳು ಕಾಯಬೇಕಲ್ಲಾ ಎಂದು ಹೆಂಗಸರೆಲ್ಲ ನನ್ನನ್ನು ಬೈದರು. ಇಷ್ಟು ಸಂತೋಷ ನನಗೆ ಈ ದೇಶದಲ್ಲಿ ಆಗಿರಲಿಲ್ಲ ಮೇಡಂ.

ಎಲ್ಲರೂ ಬಿದ್ದುಬಿದ್ದು ನಕ್ಕಿದ್ದು ಸಾಂಬ್ರಾಣಿಯ ಪ್ರಸಂಗಕ್ಕೆ. ಇಲ್ಲಿನ ಮನೆಗಳಲ್ಲಿ ಸ್ವಲ್ಪ ಹೊಗೆಯಾದರೂ ಸೂರಿನ ಅಲಾರಂ ಕಿರುಚಿಕೊಳ್ಳುತ್ತದೆ. ಮಗುವಿಗೆ ಎಣ್ಣೆ ನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿಯಬೇಕಲ್ಲ, ಅದಕ್ಕೆ ಸಣ್ಣತಾಯಮ್ಮ ಸ್ಟೂಲು ಹತ್ತಿ, ಸ್ನಾನದ ಪ್ಲಾಸ್ಟಿಕ್ ಟೋಪಿಯನ್ನು ಅಲಾರಮ್ಮಿಗೆ ತೊಡಿಸುತ್ತಾಳೆ. ನನ್ನ ಕಥೆಯಲ್ಲಿ ಅದನ್ನು ಭಯಂಕರ ಮಾಡಿದ್ದೇನೆ. ಮನೆಯನ್ನು ಕಾಯುವ ಕಣ್ಣಿಗೇ ಅವಳು ಬಟ್ಟೆ ಕಟ್ಟುತ್ತಾಳೆ.

ಅದನ್ನು ಕೇಳಿ ಎರಡು ಮೂರು ಜನ “ಅಯ್ಯೋ, ಇದು ನಮ್ ಭದ್ರಮ್ಮ ಕಣ್ರೀ!” ಎಂದರು. ಭದ್ರಮ್ಮ ಮಂಡ್ಯದ ಕಡೆಯವರು. ಮಗಳು ಸಿಂಧು ಇಲ್ಲೇ ಇಂಜಿನಿಯರು, ಅವಳ ಜೊತೆ ಇದ್ದಾರೆ. ಊರಿನಲ್ಲಿ ಸೂಲಗಿತ್ತಿಯ ಕೈಕೆಳಗೆ ಕಲಿತ ಕೆಲಸವನ್ನು ಇಲ್ಲಿ ಇಪ್ಪತ್ತು ಮೂವತ್ತು ಮನೆಗಳಲ್ಲಿ ಮಾಡಿದ್ದಾರೆ. ಸೀರೆಯ ಮೇಲೆ ಸಾಸಿವೆ ಬಣ್ಣದ ಸ್ವೆಟರು, ಕೈಯಲ್ಲಿ ಹರಳೆಣ್ಣೆ ಬಾಟಲಿ. ನನ್ನ ಬಾಣಂತನವನ್ನೂ ಅವರೇ ಮಾಡಿದ್ದು. ಹೊರಗಿನ ಚಹರೆ ಅವರದು, ಒಪ್ಪುತ್ತೇನೆ. ಒಳಗಿನ ದುಷ್ಟತನವೆಲ್ಲ ನನ್ನ ಕಲ್ಪನೆ. ಎಲ್ಲರೂ ತಮಾಷೆಗೆ ತೆಗೆದುಕೊಂಡಿದ್ದಾರೆ.

ನಿಮ್ಮ
ಮೈಥಿಲಿ

*

ಧಾರವಾಡ
1 ಏಪ್ರಿಲ್ 2024

ಮೈಥಿಲಿ,

ಎರಡೂ ಕಂತನ್ನು ಒಂದೇ ಉಸಿರಿಗೆ ಓದಿದೆ. ಆಮೇಲೆ ಇನ್ನೊಮ್ಮೆ ಓದಿದೆ. ನಿನಗೆ ಕೈ ಇದೆ ಹುಡುಗಿ. ಹದಿನಾಲ್ಕು ವರ್ಷ ಏನು ಮಾಡುತ್ತಿದ್ದೆ?

ಒಂದು ಮಾತು. ನಿನ್ನ ಕಥೆಯಲ್ಲಿ ಡಾಕ್ಟರು, ಅವನ ಹೆಂಡತಿ, ನೆರೆಮನೆಯವರು ಎಲ್ಲರೂ ಅಚ್ಚಿನ ಕನ್ನಡ ಮಾತಾಡುತ್ತಾರೆ. ಸಣ್ಣತಾಯಮ್ಮ ಒಬ್ಬಳು ಮಾತ್ರ ಮಂಡ್ಯದ ಮಾತಾಡುತ್ತಾಳೆ. ಆ ಇಂಗ್ಲಿಷ್ ಲೇಖಕರೂ ಹೀಗೇ ಮಾಡುತ್ತಿದ್ದರು. ಖಳನ ಬಾಯಲ್ಲಿ ಬೇರೆ ಸೀಮೆಯ ಉಚ್ಚಾರ ಇಟ್ಟರೆ ಅರ್ಧ ಕೆಲಸ ಮುಗಿಯುತ್ತದೆ, ಅವನು ಏನೂ ಮಾಡದೆಯೇ ಅನುಮಾನ ಹುಟ್ಟುತ್ತದೆ. ನಿನ್ನ ತವರೂ ಅತ್ತೆಮನೆಯೂ ಮಡಿಮೈಲಿಗೆಯ ಮನೆಗಳು, ನನ್ನದೂ ಅಷ್ಟೇ. ಅವಳು ಅಡುಗೆಮನೆಯ ಹೊಸ್ತಿಲು ದಾಟುವ ಆ ಮೂರು ಸಾಲಿನಲ್ಲಿ ನಿನ್ನ ಲೇಖನಿಗೆ ಯಾಕೆ ಅಷ್ಟು ಹುರುಪು ಬಂತು ಎಂದು ನೀನೇ ಕೇಳಿಕೋ.

ಕೇಳಿಕೊಂಡು ಮುಂದೆ ಬರೆ. ಇಷ್ಟು ಹೊತ್ತು ಅವಳು ಬರೀ ಹೆದರಿಸಿದ್ದಾಳೆ. ಇನ್ನು ಏನಾದರೂ ಮಾಡಬೇಕು. ಅದು ಆ ಬಾಣಂತಿ ಕನಸಿನಲ್ಲೂ ಊಹಿಸದ ಕೆಟ್ಟ ಕೆಲಸವಾಗಿರಲಿ. ಬೇಗ ಕಳಿಸು.

ಶೈಲಜಾ

*

ಮಿಲ್ಪಿಟಾಸ್
12 ಮೇ 2024

ಪ್ರೀತಿಯ ಮೇಡಂ,

ಮೂರು ಮತ್ತು ನಾಲ್ಕನೇ ಕಂತು ಇವೆ. ನಾಲ್ಕರಲ್ಲಿ ನೀವು ಕೇಳಿದ ಕೆಟ್ಟ ಕೆಲಸ ನಡೆಯುತ್ತದೆ. ಬಾಣಂತಿ ನಿದ್ದೆ ಔಷಧಿ ಕುಡಿದು ಮಲಗಿದಾಗ ಸಣ್ಣತಾಯಮ್ಮ ಮೂವತ್ತೆಂಟು ದಿನದ ಮಗುವನ್ನು ತೊಟ್ಟಿಲಲ್ಲಿ ಬಿಟ್ಟು, ಬಾಗಿಲು ಎಳೆದುಕೊಂಡು, ಮೂರು ಗಂಟೆ ಎಲ್ಲಿಗೋ ಹೋಗಿಬಿಡುತ್ತಾಳೆ. ಮಗು ಕಿರುಚಿ ಕಿರುಚಿ ಅತ್ತು ದನಿ ಕಳೆದುಕೊಳ್ಳುತ್ತದೆ. ಸಂಜೆ ಆ ತಪ್ಪನ್ನು ಬಾಣಂತಿಯ ತಲೆಗೆ ಕಟ್ಟುತ್ತಾಳೆ.

ನಿನ್ನೆಯ ಓದಿನಲ್ಲಿ ಏನಾಯಿತೆಂದು ಬರೆಯಲೇ ಬೇಕು. ಭದ್ರಮ್ಮ ಬಂದಿದ್ದರು. ಮೂರನೇ ಸಾಲಿನಲ್ಲಿ, ಅದೇ ಸ್ವೆಟರು. ಮುಂಚಿನ ಓದುಗಳಿಗೆ ಅವರು ಬಂದಿರಲಿಲ್ಲ. ಸಂಗನಬಸಪ್ಪನವರಿಗೆ ಅವರ ಪರಿಚಯವಿಲ್ಲ. ಸಣ್ಣತಾಯಮ್ಮನ ಮಾತು ಬಂದಾಗಲೆಲ್ಲ ಮೂಗಿನಲ್ಲಿ ರಾಗ ಎಳೆದು, “ಏನ್ ಮಾಡಕಾಯ್ತದೆ ಕನವ್ವಾ” ಎಂದು ಓದುತ್ತಿದ್ದರು. ಜನ ನಗುತ್ತಿದ್ದರು, ನಕ್ಕು ತಿರುಗಿ ಮೂರನೇ ಸಾಲಿನ ಕಡೆ ನೋಡುತ್ತಿದ್ದರು. ಭದ್ರಮ್ಮನೂ ನಗುತ್ತಿದ್ದರು. ಅದನ್ನು ನೋಡಿ ನನಗೆ ಸಮಾಧಾನವಾಯಿತು. ಮುಗಿದ ಮೇಲೆ ನನ್ನ ಹತ್ತಿರ ಬಂದು “ಚೆಂದಾಗ್ ಬರ್ದಿದೀರಿ ಕನವ್ವ” ಎಂದರು. ಕಾಫಿ ಕುಡಿಯಿರಿ ಎಂದೆ. ಬೇಡ ಎಂದು ಹೊರಟುಹೋದರು. ಸಿಂಧು ಕಾರಿನಲ್ಲಿ ಕಾಯುತ್ತಿದ್ದಳೇನೋ.

ಮನೆಗೆ ಬಂದ ಮೇಲೆ ಒಂದು ಎಡವಟ್ಟಾಗಿದೆ. ವ್ಯಾಸರಾಜ ಈ ಕಂತು ಓದಿ ನನ್ನನ್ನೇ ನೋಡುತ್ತಾ, “ಮೈಥಿಲಿ, ಒಂದ್ ನಿಮಿಷ. ಪಾಪೂಗೆ ಒಂದಿನ ವಾಯ್ಸೇ ಹೋಗಿತ್ತಲ್ಲ? ಭದ್ರಮ್ಮ ಏನೋ ಕೋಲ್ಡು ಅಂದ್ರು. ಅವತ್ತು ಆಯಮ್ಮ ಮಗೂನ ಬಿಟ್ಟು ಹೋಗಿದ್ರಾ? ನಿಜ್ವಾಗ್ಲೂ ನಡೆದಿದ್ದಾ ಇದು? ಯಾಕ್ ನಂಗೆ ಹೇಳ್ಲಿಲ್ಲ?” ಎಂದರು. ಕಥೆ ಕಣ್ರೀ ಎಂದೆ. ಅವರು ನಂಬಲಿಲ್ಲ. ಬೆಳಿಗ್ಗೆ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು. ಮಧ್ಯಾಹ್ನ ಬಳಗದ ಗೆಳತಿ ಭಾವನಾ ಫೋನು ಮಾಡಿದಳು. ಅವಳಿಗೆ ಜೂನಿನಲ್ಲಿ ಹೆರಿಗೆ, ಬಾಣಂತನಕ್ಕೆ ಭದ್ರಮ್ಮನಿಗೆ ಮೊದಲೇ ಹೇಳಿಟ್ಟಿದ್ದಳು. “ಥ್ಯಾಂಕ್ಸ್ ಕಣೇ, ನೀನ್ ಬರೀದಿದ್ರೆ ನಮ್ಗೆ ಗೊತ್ತೇ ಆಗ್ತಿರ್ಲಿಲ್ಲ. ಕ್ಯಾನ್ಸಲ್ ಮಾಡ್ದೆ” ಎಂದಳು.

ಕಥೆಯನ್ನು ಕಥೆಯಾಗಿ ಓದಲು ಬಾರದವರಿಗೆ ನಾನೇನು ಮಾಡಲಿ ಮೇಡಂ? ಅದು ಲೇಖಕರ ಹೊಣೆಯಲ್ಲ ಎಂದು ನೀವೇ ಹೇಳುತ್ತಿದ್ದಿರಿ ಅಲ್ಲವೆ?

ನಿಮ್ಮ
ಮೈಥಿಲಿ

*

ಧಾರವಾಡ
3 ಜೂನ್ 2024

ಮೈಥಿಲಿ,

ನಾನು ಹಾಗೆ ಹೇಳಿದ ನೆನಪಿಲ್ಲ. ಹೇಳಿದ್ದರೆ ತಪ್ಪು ಹೇಳಿದ್ದೆ.

ನಾಲ್ಕನೇ ಕಂತನ್ನು ಐದು ಸಲ ಓದಿದೆ. ಕಣ್ಣು ಉರಿಯುತ್ತಿದೆ. ಮೊದಲ ಮೂರು ಕಂತುಗಳಲ್ಲಿ ಸಣ್ಣತಾಯಮ್ಮ ಒಳಗೊಳಗೆ ಏನು ಯೋಚಿಸುತ್ತಾಳೆ ಎಂದು ನೀನು ಒಂದು ಸಾಲೂ ಬರೆದಿಲ್ಲ. ಅವಳ ಕೈ ಇದೆ, ಸ್ವೆಟರು ಇದೆ, ನಗು ಇದೆ. ಮಗುವನ್ನು ಬಿಟ್ಟು ರೈಲು ಹತ್ತಿದ ಕೂಡಲೇ ಒಂದೂವರೆ ಪುಟ ಅವಳ ಮನಸ್ಸು! ಮಿಲ್ಪಿಟಾಸ್‌ನಿಂದ ರಿಚ್ಮಂಡ್‌ವರೆಗೆ ಒಂದೊಂದೇ ನಿಲ್ದಾಣ ಎಣಿಸುತ್ತಾಳೆ. ಕೊನೆಯ ನಿಲ್ದಾಣದ ಬೆಂಚಿನಲ್ಲಿ ಕೂತು, ಮುಂದೆ ಹೋಗಲು ಹಳಿಯಿಲ್ಲವಲ್ಲಾ ಎಂದು ಅಳುತ್ತಾಳೆ. ಕಥೆಯ ದೊಡ್ಡ ಮನೆ ಇರುವುದು ಲಿವರ್‌ಮೋರ್‌ನಲ್ಲಿ, ಅಲ್ಲಿಂದ ಕಾರಿಲ್ಲದೆ ಮಿಲ್ಪಿಟಾಸ್‌ನ ರೈಲಿಗೆ ಹೇಗೆ ಬಂದಳೆಂದು ಹೇಳಲು ಮರೆತಿದ್ದೀಯ. ಯಾಕೆಂದರೆ ಬರೆಯುವಾಗ ನೀನು ಲಿವರ್‌ಮೋರ್‌ನಲ್ಲಿ ಇರಲೇ ಇಲ್ಲ.

ಇನ್ನೊಂದು ಸಾಲು. “ಅವಳ ರವಿಕೆಯ ಮುಂಭಾಗ ಒದ್ದೆಯಾಗಿತ್ತು. ಎದುರಿನವರು ನೋಡದಂತೆ ಸ್ವೆಟರು ಎಳೆದುಕೊಂಡಳು.” ಅರವತ್ತು ದಾಟಿದ ಹೆಂಗಸಿನ ರವಿಕೆ ಯಾಕೆ ಒದ್ದೆಯಾಗುತ್ತದೆ ಮೈಥಿಲಿ? ಮಗುವನ್ನು ಬಿಟ್ಟು ಬಂದ ಯಾರ ಎದೆ ರೈಲಿನಲ್ಲಿ ಸೋರುತ್ತದೆ?

ಓದು ಕೇಳಲು ಅಲ್ಲಿ ಹತ್ತಿಪ್ಪತ್ತು ತಾಯಂದಿರು ಕೂತಿದ್ದರು. ಒಬ್ಬರಿಗೂ ಹೊಳೆಯಲಿಲ್ಲ. ಖಳನಾಯಕಿ ಎಂದು ಒಮ್ಮೆ ತೋರಿಸಿಬಿಟ್ಟರೆ ಜನ ಯೋಚಿಸುವುದನ್ನು ನಿಲ್ಲಿಸುತ್ತಾರೆ, ಅದಕ್ಕೇ ಅಲ್ಲವೆ ಖಳನಾಯಕಿ ಬೇಕಾಗುವುದು. ಒಬ್ಬರಿಗೆ ಮಾತ್ರ ಹೊಳೆದಿರಬೇಕು. ಮೂರನೇ ಸಾಲಿನಲ್ಲಿ ಕೂತಿದ್ದವರಿಗೆ. ಅವರು ನಕ್ಕದ್ದನ್ನು ನೋಡಿ ನಿನಗೆ ಸಮಾಧಾನವಾಯಿತಂತೆ. ಎಂಥ ಹೆಂಗಸು ನೀನು.

ರೈಲಿನಲ್ಲಿದ್ದದ್ದು ಯಾರು? ಉತ್ತರ ಬರೆ, ಇಲ್ಲವಾದರೆ ಬರೆಯಬೇಡ.

ಶೈಲಜಾ

*

ಮಿಲ್ಪಿಟಾಸ್
8 ಸೆಪ್ಟೆಂಬರ್ 2024

ಮೇಡಂ,

ಮೂರು ತಿಂಗಳು ಬರೆಯಲಿಲ್ಲ. ನಿಮ್ಮ ಕಾಗದವನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ಅದರ ಮೇಲೆ ಕೋಪ ಬಂದಾಗಲೆಲ್ಲ ತೆಗೆದು ಓದಿದೆ. ಒದ್ದೆ ರವಿಕೆಯ ಸಾಲನ್ನು, ಪುಸ್ತಕ ಮಾಡುವಾಗ ಇರಬಾರದೆಂದು, ಕಾಗದ ಬಂದ ದಿನವೇ ಹೊಡೆದು ಹಾಕಿದೆ.

ನಾನೇ.

2021ರ ಏಪ್ರಿಲ್. ವ್ಯಾಸರಾಜರ ಲ್ಯಾಬು ಆ ಕಾಲದಲ್ಲೂ ಮುಚ್ಚಿರಲಿಲ್ಲ, ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಆರಕ್ಕೆ ಬರುತ್ತಿದ್ದರು. ಭದ್ರಮ್ಮ ಹತ್ತಕ್ಕೆ ಬರುತ್ತಿದ್ದರು, ಎರಡೆರಡು ಮಾಸ್ಕು ಹಾಕಿಕೊಂಡು. ಯಾರ ಮನೆಗೂ ಯಾರೂ ಕಾಲಿಡದ ಹೊತ್ತಿನಲ್ಲಿ ಅವರು ಬರುತ್ತಿದ್ದರು. ಆ ದಿನ ಅವರಿಗೆ ಲಸಿಕೆಯ ಅಪಾಯಿಂಟ್‌ಮೆಂಟು ಇತ್ತು, ಒಂದು ಗಂಟೆಗೆ ಬರುತ್ತೇನೆ ಎಂದಿದ್ದರು. ಹನ್ನೊಂದರ ಹೊತ್ತಿಗೆ ನನಗೆ ಆ ಮಗು ಯಾರದೋ ಅನ್ನಿಸಿತು. ಸಿಟ್ಟಿರಲಿಲ್ಲ. ದುಃಖವೂ ಇರಲಿಲ್ಲ. ಚಪ್ಪಲಿ ಹಾಕಿಕೊಂಡು ಬಾಗಿಲು ಎಳೆದುಕೊಂಡು ಸ್ಟೇಷನ್ನಿನವರೆಗೆ ನಡೆದೆ. ಆಮೇಲಿನದನ್ನು ನೀವು ಓದಿದ್ದೀರಿ.

ಎರಡೂವರೆಗೆ ವಾಪಸು ಬಂದೆ. ಭದ್ರಮ್ಮ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದರು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಲಿಲ್ಲ. “ಸೀರೆ ಬದ್ಲಾಯಿಸ್ಕಬನ್ನಿ, ಹಾಲ್ ಕುಡ್ಸಿ” ಎಂದರು. ಅಷ್ಟೇ. ಸಂಜೆ ನನ್ನ ಗಂಡನಿಗೆ, ಮಗುವಿಗೆ ಶೀತ, ಗಂಟಲು ಕಟ್ಟಿದೆ ಎಂದರು. ಮಾರನೆಯ ದಿನದಿಂದ ಏಳಕ್ಕೇ ಬರತೊಡಗಿದರು, ನನ್ನನ್ನು ಮಗುವಿನ ಜೊತೆ ಒಂಟಿಯಾಗಿ ಬಿಡಲಿಲ್ಲ. ಮೂರು ತಿಂಗಳು ಹಾಗೆ. ಅವರ ದೆಸೆಯಿಂದ ನಾನು ಉಳಿದೆ, ಶರಣ್ಯಾ ಉಳಿದಳು.

ಇದನ್ನು ತಿಳಿದವರು ಈ ಊರಿನಲ್ಲಿ ಅವರೊಬ್ಬರೇ. ದಿನಸಿ ಅಂಗಡಿಯಲ್ಲಿ, ಲಿವರ್‌ಮೋರ್ ದೇವಸ್ಥಾನದಲ್ಲಿ ಆ ಸ್ವೆಟರು ಕಂಡರೆ ಪಕ್ಕಕ್ಕೆ ಸರಿಯಲು ನೋಡುತ್ತಿದ್ದೆ. ಶರಣ್ಯಾಳ ಗಲ್ಲ ಹಿಡಿದು ಮಾತಾಡಿಸುತ್ತಿದ್ದರು, ನನಗೆ ಅದು ಬೆದರಿಕೆಯಂತೆ ಕೇಳುತ್ತಿತ್ತು. ಕಥೆ ಬರೆಯಲು ಕೂತಾಗ ಕೈ ತಾನಾಗಿ ಅತ್ತ ಹೋಯಿತು. ಬರೆದಷ್ಟೂ ಹಗುರವಾಯಿತು ಮೇಡಂ. ಅದನ್ನೂ ಹೇಳಿಬಿಡುತ್ತೇನೆ.

ಈಗ ಭದ್ರಮ್ಮನನ್ನು ಯಾರೂ ಕರೆಯುತ್ತಿಲ್ಲ. ಮಗುವನ್ನು ಬಿಟ್ಟು ಹೋದವಳು ಎಂಬ ಹೆಸರು ಬಂದಿದೆ. ನಾನು ಕೊನೆಯ ಕಂತಿನಲ್ಲಿ ಸರಿಮಾಡಲು ನೋಡಿದೆ. ಸಣ್ಣತಾಯಮ್ಮ ಪಶ್ಚಾತ್ತಾಪ ಪಡುತ್ತಾಳೆ, ಬಾಣಂತಿ ಅವಳನ್ನು ಕ್ಷಮಿಸುತ್ತಾಳೆ. ಓದಿದವರು ನನ್ನದು ದೊಡ್ಡ ಮನಸ್ಸು ಎಂದರು.

ಮೈಥಿಲಿ

*

ಧಾರವಾಡ
27 ಸೆಪ್ಟೆಂಬರ್ 2024

ಮೈಥಿಲಿ,

ಆ ದಿನ ರೈಲು ಹತ್ತಿದ್ದಕ್ಕೆ ನಿನ್ನನ್ನು ಬೈಯುವುದಿಲ್ಲ. ಅದು ಕಾಯಿಲೆ. ಡಾಕ್ಟರಿಗೆ ತೋರಿಸಬೇಕಾಗಿದ್ದದ್ದು, ಯಾರೂ ತೋರಿಸಲಿಲ್ಲ. ನಿನ್ನ ಬಗ್ಗೆ ಮರುಕವಾಯಿತು. ಎಂಥ ಹೆಂಗಸು ನೀನು ಎಂದು ಬರೆದಿದ್ದೆ, ರೈಲಿನ ಮಟ್ಟಿಗೆ ಆ ಮಾತು ವಾಪಸು ತೆಗೆದುಕೊಂಡೆ.

ಕಥೆಯ ಮಟ್ಟಿಗೆ ತೆಗೆದುಕೊಳ್ಳುವುದಿಲ್ಲ. ನಿನ್ನ ಪ್ರಾಣ ಉಳಿಸಿದವರ ಮೇಲೆ ನಿನ್ನ ಕೆಲಸವನ್ನೇ ಹೊರಿಸಿ, ಕೊನೆಗೆ ನೀನೇ ಕ್ಷಮಿಸಿದೆಯಂತೆ. ನನ್ನ ಪಟ್ಟಿಯಲ್ಲಿ ನೂರಾರು ಖಳರಿದ್ದಾರೆ. ಇಷ್ಟು ಹೇಸಿಗೆಯ ಕೊನೆಯ ಕಂತನ್ನು ನಾನು ಓದಿಲ್ಲ.

ನನ್ನ ಪಾಲನ್ನೂ ಬರೆಯಬೇಕು. ಗುರುತು ಸಿಗುವಂತೆ ಬರೆ ಎಂದವಳು ನಾನು. ಏಪ್ರಿಲ್‌ನಲ್ಲೇ ನನಗೆ ಅಳುಕಿತ್ತು. ನಿಲ್ಲಿಸು ಎಂದು ಬರೆಯಬಹುದಾಗಿತ್ತು. ಮುಂದೇನಾಗುತ್ತದೆ ಎಂದು ಓದುವ ಆಸೆಗೆ, ಅವಳು ಇನ್ನೂ ಕೆಟ್ಟವಳಾಗಲಿ ಎಂದೆ. ನಲವತ್ತು ವರ್ಷ ಖಳರ ಸಾಮಾಜಿಕ ಅರ್ಥ ಪಾಠ ಮಾಡಿದವಳಿಗೂ ಒಬ್ಬ ಖಳನಾಯಕಿ ಬೇಕಾಗಿದ್ದಳು ನೋಡು.

ಭದ್ರಮ್ಮನ ಮನೆಗೆ ಹೋಗು. ಆಮೇಲೆ ‘ಜಗಲಿ’ಯಲ್ಲೇ ನಾಲ್ಕು ಸಾಲು ಬರೆ: ಮಗುವನ್ನು ಬಿಟ್ಟು ಹೋದವಳು ನಾನು, ಎತ್ತಿಕೊಂಡವರು ಅವರು. ಸಂಗನಬಸಪ್ಪನವರು ಅದನ್ನೂ ಗಟ್ಟಿಯಾಗಿ ಓದಲಿ. ನಾಲ್ಕು ಸಾಲು ಸಾಕು.

ಶೈಲಜಾ

*

ಮಿಲ್ಪಿಟಾಸ್
1 ಡಿಸೆಂಬರ್ 2024

ಪೂಜ್ಯ ಮೇಡಂ,

ಹೋಗಿದ್ದೆ. ಎರಡು ತಿಂಗಳು ತೆಗೆದುಕೊಂಡು ಹೋದೆ.

ಬಾಗಿಲು ತೆಗೆದದ್ದು ಸಿಂಧು. “ಯಾಕ್ ಬಂದ್ರಿ? ಎರಡನೇ ಭಾಗ ಬರೀತಿದೀರಾ?” ಎಂದಳು. ಒಳಗಿನಿಂದ ಭದ್ರಮ್ಮ “ಬಿಡವ್ವ, ಒಳೀಕ್ ಬರ್ಲಿ” ಎಂದರು. ಸೋಫಾದ ಮೇಲೆ ಟಿ.ವಿ. ಮುಂದೆ ಕೂತಿದ್ದರು. ಹಗಲು ಹನ್ನೊಂದು ಗಂಟೆಗೆ ಅವರು ಸುಮ್ಮನೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಉಪ್ಪಿಟ್ಟು ಕೊಟ್ಟರು. ತಿಂದು ಮುಗಿಸುವವರೆಗೂ ಮಾತಾಡಲು ಬಿಡಲಿಲ್ಲ.

ಆಮೇಲೆ ಕಾಲು ಹಿಡಿದು ಅತ್ತೆ. ನೀವು ಯಾಕೆ ಯಾರಿಗೂ ನಿಜ ಹೇಳಲಿಲ್ಲ ಎಂದು ಕೇಳಿದೆ. “ಬಾಣ್ತಿ ಮನೆ ಮಾತ ಬಾಗ್ಲಿಂದ ಆಚೀಕ್ ತರಬಾರ್ದು ಕನವ್ವ. ತಂದ್ರೆ ನಾಳೀಕ್ ನಮ್ಮನ್ಯಾರು ಒಳೀಕ್ ಬುಟ್ಕತಾರೆ?” ಎಂದರು. ಹೇಳಿದ ಮೇಲೆ ಅವರಿಗೇ ನಗು ಬಂತು. ಸಿಂಧು ಎದ್ದು ಅಡುಗೆಮನೆಗೆ ಹೋದಳು.

ನನ್ನ ತಟ್ಟೆ ಎತ್ತಿಟ್ಟು ಭದ್ರಮ್ಮನೇ ಶುರು ಮಾಡಿದರು. “ಒಂದ್ ಮಾತ್ರ ತಪ್ಪು ಬರ್ದಿದೀರಿ ಕನವ್ವ. ಮಗ ಕಿರಚಾಡಿ ಅಳ್ತಿತ್ತು ಅಂತ ಬರ್ದಿದೀರಲ್ಲ. ಅಳ್ತಿರ್ನಿಲ್ಲ. ನಾ ಬಂದಾಗ ಅಳು ಮುಗ್ದೋಗಿತ್ತು. ಕಣ್ ಬುಟ್ಕಂಡು ಸೂರು ನೋಡ್ಕಂಡು ಮನಗಿತ್ತು. ಎತ್ಕಂಡೆ, ಆಗ್ಲೂ ಅಳ್ನಿಲ್ಲ. ಅದ್ಕೇ ನಂಗೆ ದಿಗ್ಲಾಗಿದ್ದು.”

ನನ್ನ ಮಗಳ ಆ ಎರಡು ಗಂಟೆ ಇಷ್ಟು ವರ್ಷ ಅವರ ಹತ್ತಿರ ಇತ್ತು. ನನಗೆ ಕೊಡದೆ ತಾವೇ ಇಟ್ಟುಕೊಂಡಿದ್ದರು.

ಹೊರಡುವಾಗ ಕೇಳಿದ್ದು ಒಂದೇ. “ಪಾಪೂನ ಒಂದ್ಸಲ ಕರ್ಕಬನ್ನಿ. ಏಟುದ್ದ ಆಗವಳೆ ನೋಡ್ತೀನಿ.” ಆಗಲಿ ಎಂದೆ. ಮನೆಗೆ ಬಂದು, ಶರಣ್ಯಾಳನ್ನು ಭದ್ರಮ್ಮನ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದು ವ್ಯಾಸರಾಜರಿಗೆ ಹೇಳಿದೆ. “ಆ ಹೆಂಗಸಿನ ಹತ್ರ ನಮ್ ಮಗೂನಾ? ನೋ ವೇ. ನಿಂಗೇನ್ ತಲೆ ಕೆಟ್ಟಿದ್ಯಾ?” ಎಂದರು. ಶರಣ್ಯಾ ಪಕ್ಕದಲ್ಲಿದ್ದಳು, “ಹೂ ಈಸ್ ಭದ್ರಮ್ಮ?” ಎಂದು ಕೇಳಿದಳು. ನಾನೇ ಅವತ್ತು ಹೋದದ್ದು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅವಳಿಗೆ ಚಪಾತಿ ಸುತ್ತಿ ಕೊಟ್ಟೆ. ಭದ್ರಮ್ಮ ಜನವರಿಯಲ್ಲಿ ಊರಿಗೆ ಹೋಗುತ್ತಾರಂತೆ, ತಿರುಗಿ ಬರುವ ಯೋಚನೆ ಇಲ್ಲವಂತೆ.

ನೀವು ಹೇಳಿದ ನಾಲ್ಕು ಸಾಲು ಬರೆದಿದ್ದೇನೆ. ಕಳಿಸಿಲ್ಲ. ಶರಣ್ಯಾ ದೊಡ್ಡವಳಾದ ಮೇಲೆ ಯಾರಾದರೂ ಅದನ್ನು ಅವಳಿಗೆ ತೋರಿಸುತ್ತಾರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅದು ನೆಪ ಎಂದು ನನಗೂ ಗೊತ್ತು. ನನಗೆ ಹೆದರಿಕೆ ಮೇಡಂ, ಬೇರೇನೂ ಇಲ್ಲ.

ಸಂಕ್ರಾಂತಿಗೆ ಬಳಗದವರು ಕಾದಂಬರಿಯನ್ನು ಪುಸ್ತಕವಾಗಿ ತರುತ್ತಿದ್ದಾರೆ. ನಿನ್ನೆ ಪ್ರೂಫು ನೋಡಿ ಕಳಿಸಿದೆ. ಸಣ್ಣತಾಯಮ್ಮನ ಊರು, ಮಾತು, ಸ್ವೆಟರು ಯಾವುದನ್ನೂ ಮುಟ್ಟಲಿಲ್ಲ. ನಾಲ್ಕನೇ ಅಧ್ಯಾಯದಲ್ಲಿ ಒಂದು ಕಡೆ ಮಾತ್ರ ತಿದ್ದಿದ್ದೇನೆ. ಈಗ ಅಲ್ಲಿ ಮಗು ಅಳುವುದಿಲ್ಲ, ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಾ ಮಲಗಿರುತ್ತದೆ. ಸಂಪಾದಕರು ಓದಿ, ಇಡೀ ಪುಸ್ತಕದಲ್ಲಿ ಇದೇ ಒಳ್ಳೆಯ ಸಾಲು ಎಂದರು.

ಮೈಥಿಲಿ